ಕ್ಯಾರೆಕ್ಟರ್ ಇರುವ ಹೋಟೆಲು

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಲಿಸ್ಬನ್ನಿಗೆ ಹೋಗುವ ಮಾತು ಮೊದಲು ತೆಗೆದದ್ದೇ ನನ್ನ ಅಮ್ಮ. ಉಡುಪಿಯವರು, ಈಗ ಹೊರದೇಶದಲ್ಲಿ, ಈ ಸ್ಟೌಫ್‌ವಿಲ್‌ನಲ್ಲಿ ನಮ್ಮ ಜೊತೆಗಿದ್ದಾರೆ. ಮೊಣಕಾಲು ನೋವೆಂದು ಕೆಳಗಿನ ಕೋಣೆಯಲ್ಲೇ ಮಲಗುತ್ತಾರೆ. "ಪೋರ್ಚುಗೀಸರು ನಮ್ಮ ಕಡೆಗೆ ಬಂದದ್ದಾಯ್ತಲ್ಲ, ಅವರ ಊರಿಗೆ ನಾವೂ ಒಮ್ಮೆ ಹೋಗಿ ಬರುವ" ಎಂದು ನಕ್ಕಿದ್ದರು. ವೀಸಾಕ್ಕೆ ಬೆರಳಚ್ಚು ಕೊಡಲು ಹೊಸ ಸೀರೆ ಉಟ್ಟು ಹೋಗಿದ್ದರು. ಅಷ್ಟು ಆಸೆ.

ಹೋಟೆಲು ಹುಡುಕುವ ಕೆಲಸವನ್ನು ನನ್ನ ಗಂಡ ಮತ್ತು ಮಗಳು ವಹಿಸಿಕೊಂಡರು. ಒಂದು ಭಾನುವಾರ ತಿಂಡಿ ಮುಗಿಸಿ ಟಿವಿಯಲ್ಲಿ ಫೋಟೊಗಳನ್ನು ಹಾಕಿಕೊಂಡು ಕೂತರು. ದೊಡ್ಡ ಕಂಪನಿಗಳ ಹೋಟೆಲುಗಳೆಲ್ಲ ಒಂದೇ ಥರವಂತೆ, ಕ್ಯಾರೆಕ್ಟರ್ ಇಲ್ಲವಂತೆ. ನಮ್ಮ ಬೀದಿಯಲ್ಲಿ ಹಿಮ ಬಿದ್ದಾಗ ನಮ್ಮ ಮನೆ ಯಾವುದೆಂದು ನಂಬರು ನೋಡಿಯೇ ತಿಳಿಯಬೇಕು. ಅಂಥ ಮನೆಯಲ್ಲಿ ಸುಖವಾಗಿರುವವರಿಗೆ ನಾಲ್ಕು ದಿನದ ಮಟ್ಟಿಗೆ ಕ್ಯಾರೆಕ್ಟರ್ ಬೇಕು!

"ಇದು ನೋಡೋಕೆ ಚೆನ್ನಾಗಿದೆ, ಆದ್ರೆ ಕ್ಯಾರೆಕ್ಟರ್ರೇ ಇಲ್ಲ" ಎಂದು ನನ್ನ ಗಂಡ ಅಂದದ್ದು ಅಮ್ಮನ ಕೋಣೆಗೆ ಕೇಳಿಸಿತು. ಅವರು ಗೋಡೆ ಹಿಡಿದುಕೊಂಡು ಓಡೋಡಿ ಬಂದರು.

"ಕ್ಯಾರೆಕ್ಟರ್ ಇಲ್ಲದಿದ್ರೆ ಬೇಡವೇ ಬೇಡ ಮಾರಾಯ್ರೆ. ಬರೀ ಚಂದ ಇದ್ದು ಎಂತ ಮಾಡ್ಲಿಕ್ಕುಂಟು? ಹುಡುಗ ಯಾವ ಊರಿನವ?"

ಮೊಮ್ಮಗಳಿಗೆ ಗಂಡು ನೋಡುತ್ತಿದ್ದಾರೆ ಎಂದುಕೊಂಡಿದ್ದರು ಪಾಪ! ಮಗಳು ಬಿದ್ದು ಬಿದ್ದು ನಕ್ಕಳು. "ಓ ಮೈ ಗಾಡ್ ಅಜ್ಜಿ, ಇಟ್ಸ್ ಎ ಹೋಟೆಲ್!" ನನಗೂ ನಗು ಬಂತು. ನಗು ಅಲ್ಲಿಗೇ ಮುಗಿಯಿತು.

ಅವರಿಬ್ಬರಿಗೂ ಒಪ್ಪಿಗೆಯಾದದ್ದು ಬೆಟ್ಟದ ಮೇಲಿನ ಒಂದು ಹಳೇ ಮನೆ. ಗೋಡೆ ತುಂಬ ನೀಲಿ ಟೈಲ್ಸು, ಸುರುಳಿ ಸುತ್ತುವ ಮರದ ಮೆಟ್ಟಿಲು, ತುತ್ತತುದಿಯಲ್ಲಿ ಕೋಣೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಲಿಫ್ಟ್ ಎಲ್ಲಿ ಎಂದು ಕೇಳಿದೆ.

"ಲಿಫ್ಟ್ ಹಾಕಿದ್ರೆ ಇದರ ಮಜಾನೇ ಹೋಗ್ಬಿಡತ್ತೆ ಕಣೇ" ಅಂದರು ನನ್ನ ಗಂಡ. ಆಮೇಲೆ ಅಮ್ಮ ಅಲ್ಲಿ ನಿಂತೇ ಇಲ್ಲವೇನೋ ಎಂಬಂತೆ, "ಅವ್ರಿಗೆ ಕಷ್ಟ ಆಗತ್ತೆ ಅಂದ್ರೆ ಸ್ಕಾರ್‌ಬರೋಲಿ ನಿನ್ನ ತಂಗಿ ಮನೇಲಿ ಇರ್ಲಿ ಬಿಡು" ಎಂದು ಸೇರಿಸಿದರು.

ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ನೀಲಿ ಟೈಲ್ಸಿಗೆ ಕೊಟ್ಟ ಬೆಲೆ ನನ್ನ ಅಮ್ಮನಿಗಿಲ್ಲವಾ ಎಂದೆ. ಲ್ಯಾಪ್‌ಟಾಪು ಕಿತ್ತುಕೊಂಡು, ಲಿಫ್ಟ್ ಇರುವ ಒಂದು ಸಾದಾ ಹೋಟೆಲನ್ನು ಬುಕ್ ಮಾಡಲು ಕೂತೆ. ಅಮ್ಮ ನನ್ನ ಕೈ ಹಿಡಿದರು.

"ಬೇಡ ಮಗಾ. ಈಗ ಬಂದ್ರೆ ನೀನು ಜಗಳ ಮಾಡಿದ್ದಕ್ಕೆ ಬಂದ ಹಾಗೆ ಆಗ್ತದೆ. ಬನ್ನಿ ಅಂತ ಕರ್ದ ಮೇಲೆ ಹೋಗುದೇ ಬೇರೆ."

ಕರೆಯಬೇಕಾದವರು ಇಬ್ಬರೂ ಟಿವಿಯನ್ನೇ ನೋಡುತ್ತಾ ಕೂತಿದ್ದರು. ನಾನೂ ಬರುವುದಿಲ್ಲ ಎಂದೆ. ಹೆದರಿಸುತ್ತಿದ್ದಾಳೆ ಎಂದುಕೊಂಡರು, ಆದರೆ ನಾನು ನಿಜವಾಗಿಯೂ ಹೋಗಲಿಲ್ಲ.

ಅವರಿಬ್ಬರೇ ಹೋದರು. ಮಗಳು ಫ್ಯಾಮಿಲಿ ಗ್ರೂಪಿಗೆ ಆ ಮೆಟ್ಟಿಲುಗಳ ಫೋಟೊ ಹಾಕಿದಳು. ಬಂಧುಗಳೆಲ್ಲ ಹಾರ್ಟ್ ಒತ್ತಿದರು. ಅಮ್ಮ ಕನ್ನಡಕ ಹಾಕಿಕೊಂಡು, ಬೆರಳಲ್ಲಿ ಫೋಟೊ ದೊಡ್ಡದು ಮಾಡಿ, ಕೆಳಗಿನಿಂದ ಮೇಲಿನವರೆಗೂ ನಿಧಾನವಾಗಿ ನೋಡಿದರು.

"ಇಷ್ಟೇಯಾ?" ಅಂದರು. "ಅಲ್ಲಲ್ಲಿ ಕೂತು ಕೂತು ಹತ್ತುತ್ತಿದ್ದೆ ನಾನು."