ಮಂದಿಯ ರಾಜ

ಯುಟ್ರೆಕ್ಟ್‌ಗೆ ಹೋಗುವ ಬೆಳಗಿನ ರೈಲಿನಲ್ಲಿ ಪಕ್ಕದ ಸೀಟಿನವರು ನೆಗಡಿಯ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ನೀಲಗಿರಿ ಎಣ್ಣೆಯ ವಾಸನೆ. ಅಕ್ಕೋರು ಮತ್ತೆ ಎದುರಿಗೆ ಬಂದು ನಿಂತಂತಾಯಿತು.

ಧಾರವಾಡದ ಕಡೆ ಶಾಲೆಯ ಟೀಚರಮ್ಮನನ್ನು ಅಕ್ಕೋರು ಅನ್ನುತ್ತಾರೆಂದು ನನಗೆ ಹೇಳಿಕೊಟ್ಟವರೂ ಅವರೇ. ಅಲ್ಲಿ ಬಹಳ ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ಐವತ್ತರ ಹತ್ತಿರ ಒಬ್ಬರೇ ಡಚ್ಚರ ಈ ದೇಶಕ್ಕೆ ಬಂದಿದ್ದರು. ಮ್ಯೂಸಿಯಂ ನೋಡಲು ಬರುವವರಿಗಾಗಿ ಮೊಬೈಲ್ ಆ್ಯಪ್ ಮಾಡುವ ಕಂಪನಿ ನಮ್ಮದು. ಪರದೆಯ ಮೇಲೆ ಬರುವ ಇಂಗ್ಲಿಷನ್ನು ತಿದ್ದುವ ಕೆಲಸ ಅವರದು, ತಿದ್ದಿದ್ದನ್ನು ಪರದೆಗೆ ಹಾಕುವ ಕೆಲಸ ನನ್ನದು. ವರ್ಷ ವರ್ಷಕ್ಕೆ ಕರಾರು, ಕರಾರಿಗೆ ಜೋತುಬಿದ್ದ, ಇಲ್ಲಿ ಇರಲು ಬೇಕಾದ ಪರ್ಮಿಟ್.

ನಿಜ ಹೇಳಬೇಕೆಂದರೆ ನನಗೆ ಅವರ ಮೇಲೆ ಸಿಟ್ಟಿತ್ತು. ಒಂದು ಅಲ್ಪವಿರಾಮಕ್ಕಾಗಿ ಇಡೀ ಪುಟ ವಾಪಸ್ ಕಳಿಸುತ್ತಿದ್ದರು. ಮೇಲಿಂದ ನೀಲಗಿರಿ ಎಣ್ಣೆ ಹಾಕಿದ ಕರವಸ್ತ್ರ ಹಿಡಿದುಕೊಂಡು ನನ್ನ ಮೇಜಿನ ಹತ್ತಿರವೇ ಬಂದು ನಿಂತು ಪಾಠ...

ಮಧ್ಯಯುಗದ ರಾಜರ ಬಗ್ಗೆ ಒಂದು ಪ್ರದರ್ಶನವಿತ್ತು. ಅದರಲ್ಲಿ ಸ್ಕಾಟ್ಲೆಂಡಿನ ಒಬ್ಬ ರಾಜ. ನಮ್ಮ ಪಠ್ಯದಲ್ಲಿ 'ಕಿಂಗ್ ಆಫ್ ಸ್ಕಾಟ್ಲೆಂಡ್' ಎಂದಿದ್ದುದನ್ನು ಅಕ್ಕೋರು 'ಕಿಂಗ್ ಆಫ್ ಸ್ಕಾಟ್ಸ್' ಎಂದು ತಿದ್ದಿದರು. ಎಲ್ಲ ಕಡೆ, ಹನ್ನೊಂದು ಪರದೆಗಳಲ್ಲಿ.

"ಅಕ್ಕೋರೇ, ನಾಳೆ ರಿಲೀಸ್ ಇದೆ. ಎರಡೂ ಒಂದೇ ಅಲ್ವಾ?" ಎಂದೆ.

"ಹೆಂಗ್ ಒಂದ ಆಗ್ತದೋ ತಮ್ಮಾ? ಆ ಕಾಲದ ರಾಜಾ ಅಂವ. ಸ್ಕಾಟ್ಸ್ ಅಂದ್ರ ಅಲ್ಲಿ ಮಂದಿ. ನೆಲದ ರಾಜಾ ಅಂತ ಅಲ್ಲ, ಮಂದೀ ರಾಜಾ ಅಂತ ಕರೀತಿದ್ರು. ನೆಲಾ ಯಾರರ ಕಸ್ಕೋಬಹುದು. ಮಂದಿ ಒಪ್ಪಿದ್ರನ ರಾಜಾ."

"ಹಾಗಾದ್ರೆ 'ಕಿಂಗ್ ಆಫ್ ದ ಸ್ಕಾಟ್ಸ್' ಅಂತ ಮಧ್ಯೆ ಒಂದು 'ದ' ಆದ್ರೂ ಬೇಡ್ವಾ? ನೋಡಿದೋರು ನಮ್ಮ ತಪ್ಪು ಅಂದ್ಕೋತಾರೆ."

"ಬ್ಯಾಡ. ಆ ಬಿರುದು ಇರೂದ ಹಂಗ."

ಆ್ಯಪ್‌ನಲ್ಲಿ ಕೇಳಿಸುವ ಧ್ವನಿಗಾಗಿ ಪಠ್ಯ ಓದುವವರು ಅಕ್ಕೋರು ತಿದ್ದಿದಂತೆಯೇ ಓದಿ ಮುಗಿಸಿದರು. ಆದರೆ ಸಂಜೆ ನಮ್ಮ ಡಚ್ ಮ್ಯಾನೇಜರ್ ಪರದೆಯಲ್ಲಿ 'ಸ್ಕಾಟ್ಸ್' ನೋಡಿ, ಇದೇನು ಅಕ್ಷರ ಬಿಟ್ಟುಹೋಗಿದೆಯಲ್ಲ ಎಂದ. ವಿವರಿಸುವ ತಾಳ್ಮೆ ನನಗಿರಲಿಲ್ಲ. ಅಕ್ಕೋರು ಮನೆಗೆ ಹೋಗಿದ್ದರು. ಹನ್ನೊಂದೂ ಕಡೆ 'ಸ್ಕಾಟ್ಲೆಂಡ್' ಎಂದು ಮತ್ತೆ ಹಾಕಿ ಸೈಕಲ್ ಹತ್ತಿದೆ.

ಪ್ರದರ್ಶನ ಶುರುವಾದ ವಾರವೇ ಮ್ಯೂಸಿಯಂನಿಂದ ದೂರು ಬಂತು. ಕಿವಿಗೆ ಒಂದು ಕೇಳಿಸುತ್ತದೆ, ಕಣ್ಣಿಗೆ ಇನ್ನೊಂದು ಕಾಣಿಸುತ್ತದೆ. ಕಿವಿಯದ್ದೇ ಸರಿ, ನಿಮ್ಮಲ್ಲಿ ಇಂಗ್ಲಿಷ್ ನೋಡುವವರು ಯಾರೂ ಇಲ್ಲವೇ? ಮೀಟಿಂಗ್ ಕರೆದರು. ಪರಿಶೀಲಿಸಿದವರು ಎಂಬ ಜಾಗದಲ್ಲಿ ಅಕ್ಕೋರ ಹೆಸರಿತ್ತು. ಬದಲಾಯಿಸಿದವರು ಯಾರೆಂಬುದು ಸಿಸ್ಟಮ್ಮಿನಲ್ಲೇ ಇತ್ತು, ತೆರೆದು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಮ್ಯಾನೇಜರ್‌ಗೂ ತನ್ನ ಮಾತು ನೆನಪಿರಲಿಲ್ಲ, ಅಥವಾ ನೆನಪಿಲ್ಲದವನಂತೆ ಕೂತಿದ್ದ.

ಅಕ್ಕೋರು ಒಮ್ಮೆ ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪ್ ನೋಡಿದೆ. ನನ್ನ ಪರ್ಮಿಟ್ ನವೀಕರಣವೂ ಅದೇ ತಿಂಗಳಿತ್ತು...

ಪರದೆ ಸರಿಪಡಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಅವರ ಕರಾರು ಮಾತ್ರ ಮುಂದುವರಿಯಲಿಲ್ಲ.

ಕೊನೆಯ ದಿನ ಕಾಫಿ ಯಂತ್ರದ ಬಳಿ ಸಿಕ್ಕರು. ಬೈದಿದ್ದರೆ ಹಗುರಾಗುತ್ತಿತ್ತು. "ನೀ ಹೇಳ್ತೀ ಅಂತ ತಿಳ್ಕೊಂಡಿದ್ದೆ ತಮ್ಮಾ," ಎಂದಷ್ಟೇ ಅಂದು ಲೋಟ ತೊಳೆದಿಟ್ಟು ಹೋದರು.

ನನ್ನ ಪರ್ಮಿಟ್ ಕೈಗೆ ಬಂದ ಮೇಲೆ ಧೈರ್ಯ ಬಂತು. ಎಂಥ ಧೈರ್ಯ ಅದು! ಮ್ಯಾನೇಜರ್ ಬಳಿ ಹೋಗಿ, ಬದಲಾಯಿಸಿದ್ದು ನಾನು ಎಂದೆ. "ಈಗ್ಯಾಕೆ ಅದೆಲ್ಲ? ಸರಿಯಾಗಿದೆಯಲ್ಲ," ಎಂದ. ದಾಖಲೆಯಲ್ಲಿ ತಿದ್ದಿ ಎಂದು ಮೇಲಿನವರಿಗೆ ಎರಡು ಸಲ ಬರೆದೆ. ಮುಗಿದ ವಿಷಯ ಎಂಬ ಉತ್ತರ ಬಂತು. ಒಂದಕ್ಷರ ತಪ್ಪಿದರೆ ಅಷ್ಟು ಗದ್ದಲ ಮಾಡಿದವರಿಗೆ ಒಂದು ಹೆಸರಿಗೆ ಮೆತ್ತಿದ ತಪ್ಪು ತಪ್ಪೇ ಅಲ್ಲ. ಅವರನ್ನು ಬೈಯುವ ಹಕ್ಕು ನನಗೂ ಇಲ್ಲ.

ಅಕ್ಕೋರಿಗೆ ಬರೆಯಲು ಮಾತ್ರ ಎರಡು ವರ್ಷ ಹಿಡಿಯಿತು. ಕಳೆದ ವಾರ ಹಳೆಯ ನಂಬರಿಗೆ ಕಳಿಸಿದೆ: 'ಅಕ್ಕೋರೇ, ರಾಜನ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಅದನ್ನು ಆಗಲೇ ಹೇಳಬೇಕಿತ್ತು. ಕ್ಷಮಿಸಿ.'

ಉತ್ತರ ಅವರ ತಂಗಿಯಿಂದ ಬಂತು. 'ಅಕ್ಕ ತೀರಿಕೊಂಡು ಎರಡು ತಿಂಗಳಾತ್ರೀ. ಫೋನ್ ನನ್ನ ಹತ್ರ ಐತಿ. ನೀವು ಯಾರು ಗೊತ್ತಾಗ್ಲಿಲ್ಲ. ಯಾವ ರಾಜಾ? ಅಕ್ಕ ಏನರ ತಪ್ಪು ಮಾಡಿದ್ಲೇನು? ಅಲ್ಲಿ ಕೆಲಸ ಯಾಕ ಹೋತು ಅಂತ ಆಕಿ ಯಾರಿಗೂ ಹೇಳಲೇ ಇಲ್ಲ.'

ಐದು ದಿನದಿಂದ ಉತ್ತರ ಬರೆದು ಅಳಿಸುತ್ತಿದ್ದೇನೆ. ಸ್ಕಾಟರು, ನೆಲ, ಮಂದಿ, ಪರದೆ... ಎಲ್ಲಿಂದ ಶುರು ಮಾಡಿದರೂ ನನ್ನ ನೆಪಗಳ ಪಟ್ಟಿಯಾಗುತ್ತದೆ. ಇವತ್ತು ರೈಲು ಯುಟ್ರೆಕ್ಟ್ ತಲುಪಿ ಎಲ್ಲರೂ ಇಳಿದ ಮೇಲೂ ಕೂತೇ ಇದ್ದು, ಅಂದು ಮೀಟಿಂಗಿನಲ್ಲಿ ಎದ್ದು ನಿಂತು ಹೇಳಬೇಕಾಗಿದ್ದ ಮಾತನ್ನು ಬರೆದು ಕಳಿಸಿದೆ.

'ಇಲ್ಲಮ್ಮಾ. ಅವರದೇನೂ ತಪ್ಪಿರಲಿಲ್ಲ. ತಪ್ಪು ಮಾಡಿದ್ದು ನಾನು.'