ಹತ್ತಕ್ಕೆ ಮೂರು

ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರ ಮೊಬೈಲ್ ಗುಂಪಿನಲ್ಲಿ ಮೊನ್ನೆ ಒಬ್ಬರು ಕೇಳಿದರು: "ಅಕ್ಕಾ, ನೀವು ಎರಡು ಕ್ರೂಸ್ ಹೋಗ್ಬಂದಿದೀರಲ್ಲ, ಯಾವ್ದು ಬೆಸ್ಟ್ ಹೇಳಿ. ನಾವು ಬುಕ್ ಮಾಡ್ಬೇಕು." ಕೇಳಿದವರದ್ದೇನೂ ತಪ್ಪಿಲ್ಲ. ಊರಿಗೆಲ್ಲ ಕೇಳಿಸುವಂತೆ ಅಂಕ ಕೊಡುವ ಚಟ ನನ್ನದು. ಎರಡು ವರ್ಷದ ಹಿಂದೆ ಮೊದಲ ಹಡಗಿನಿಂದ ಇಳಿದ ವಾರವೇ ಇದೇ ಗುಂಪಿನಲ್ಲಿ ಉದ್ದಕ್ಕೆ ಬರೆದು, ಒಟ್ಟು ಹತ್ತಕ್ಕೆ ಐದು ಅಂತ ತೀರ್ಪು ಕೊಟ್ಟಿದ್ದೆ. ಎರಡನೆಯ ಹಡಗಿನ ವಿಷಯದಲ್ಲಿ ಮಾತ್ರ ಇಲ್ಲಿಯವರೆಗೆ ಬಾಯಿ ಬಿಟ್ಟಿಲ್ಲ.

ನಾನು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಅಂದರೆ ಇನ್ನೊಬ್ಬರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು. ಮಾಲು ಕೊಡುವವರಿಗೆಲ್ಲ ತಿಂಗಳಿಗೊಮ್ಮೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುವುದೂ ನನ್ನ ಕೆಲಸವೇ. "ಮೇಡಂ, ನಿಮ್ಮ ಕೈಲಿ ಹತ್ತು ತಗೊಳೋನು ಇನ್ನೂ ಹುಟ್ಟಿಲ್ಲ ಬಿಡಿ" ಅಂತ ಲಗ್ಗೆರೆಯ ಸಪ್ಲೈಯರ್ ಒಬ್ಬರು ಮುಖದ ಮೇಲೇ ಅಂದಿದ್ದರು. ನಾನು ಅದನ್ನು ಹೊಗಳಿಕೆ ಅಂದುಕೊಂಡು ಮನೆಯಲ್ಲೂ ಹೇಳಿಕೊಂಡಿದ್ದೆ.

ಮೊದಲ ಹಡಗು ಮುಂಬೈನಿಂದ ಹೊರಡುವಂಥದ್ದು. ನನ್ನ ಗಂಡ ಯಂತ್ರಗಳ ಡೀಲರು. ಕಂಪನಿಯವರೇ ಕಳಿಸಿದ ಪ್ರವಾಸ. ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮ ಜೊತೆ ಚಿಕ್ಕಬಾಣಾವರದ ಫ್ಲ್ಯಾಟಿನಲ್ಲೇ ಇದ್ದಾರೆ. ಹಾವೇರಿ ಕಡೆಯ ನಿವೃತ್ತ ಮೇಷ್ಟ್ರು, ವಯಸ್ಸು ಎಪ್ಪತ್ತೆಂಟು, ಸಕ್ಕರೆ ಕಾಯಿಲೆ ಬೇರೆ. ಅವರನ್ನೂ ಕರೆದುಕೊಂಡು ಹೋದೆವು, ಮೂವರಿಗೂ ಒಂದೇ ರೂಮು.

ಹಡಗೋ, ಜಾತ್ರೆಯೋ ಗೊತ್ತಾಗದಷ್ಟು ಗದ್ದಲ. ಬೆಳಿಗ್ಗೆ ಏಳಕ್ಕೇ ಹಾಡು, ದೋಸೆಗೆ ಕ್ಯೂ, ಲಿಫ್ಟಿಗೆ ಕ್ಯೂ. ಊಟ ಮಾತ್ರ ಚೆನ್ನಾಗಿತ್ತು, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಪಂಕ್ತಿಯೂ ಇತ್ತು. ಕೆಲಸದವರಿಗೆ ಮಾತು ಜಾಸ್ತಿ. ನಮ್ಮ ರೂಮು ನೋಡಿಕೊಳ್ಳುವವರು ಸೋಲಾಪುರದ ಕಡೆಯವರು, ಐವತ್ತರ ಮೇಲಿನ ಮನುಷ್ಯ. ಮಾವನವರ ಜೊತೆ ಮುರುಕು ಕನ್ನಡದಲ್ಲಿ ಊರಿನ ಸುದ್ದಿ ಮಾತಾಡುತ್ತ ನಿಲ್ಲುತ್ತಿದ್ದರು. ನಾನು ಹನ್ನೊಂದಕ್ಕೆ ಬಂದು ನೋಡಿದರೂ ಮಾವನವರ ಹಾಸಿಗೆ ಎದ್ದಾಗ ಹೇಗಿತ್ತೋ ಹಾಗೇ ಬಿದ್ದಿರುತ್ತಿತ್ತು. ಒಂದು ದಿನವಲ್ಲ, ಎರಡು ದಿನ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಉರಿಸಿದ್ದು ಇನ್ನೊಂದು. ಮಾವನವರ ಕೊರಳಲ್ಲಿ ಇಷ್ಟಲಿಂಗ, ಅದನ್ನಿಡಲು ಬೆಳ್ಳಿಯ ಕರಡಿಗೆ. ಹಡಗು ಹತ್ತುವ ಬಾಗಿಲಲ್ಲಿ ಮಾವ ಕಾಲಿಟ್ಟ ತಕ್ಷಣ ತಪಾಸಣೆಯ ಯಂತ್ರ ಕೂಗಿತು. ಬಿಚ್ಚಿ ಟ್ರೇನಲ್ಲಿ ಇಡಿ ಅಂದರು. ಮಾವ ಬಿಚ್ಚಲಿಲ್ಲ. ಹಿಂದೆ ಐವತ್ತು ಜನ ಗೊಣಗುತ್ತಿದ್ದಾರೆ. ಕೊನೆಗೆ ಹಿರಿಯ ಅಧಿಕಾರಿಯೊಬ್ಬರು ಬಂದು, ನೋಡಿ, ಕೈಮುಗಿದು ಬಿಟ್ಟರು. ನನಗೆ ಮಾತ್ರ ಅವಮಾನದಲ್ಲಿ ಮುಖ ಎತ್ತಲು ಆಗಲಿಲ್ಲ.

ಇಳಿಯುವ ದಿನ ಫಾರಂ ಕೊಟ್ಟರು. ರೂಮಿನ ಸೇವೆಗೆ ಹತ್ತಕ್ಕೆ ಮೂರು ಹಾಕಿದೆ. "ಹಾಸಿಗೆ ಸರಿಮಾಡುವುದಿಲ್ಲ, ಹರಟೆ ಹೆಚ್ಚು" ಅಂತ ಕಾರಣ ಬರೆದೆ. ಹದಿನೈದು ದಿನಕ್ಕೆ ಉತ್ತರವೂ ಬಂತು: ಸಂಬಂಧಪಟ್ಟ ಸಿಬ್ಬಂದಿಯ ಮೇಲೆ ಕ್ರಮ ಕೈಗೊಳ್ಳಲಾಗಿದೆ. ನೋಡಿ, ಬರೆದರೆ ಕೆಲಸ ಆಗುತ್ತೆ ಅಂತ ಅದನ್ನೂ ಗುಂಪಿಗೆ ಹಾಕಿದ್ದೆ.

ಎರಡನೆಯ ಹಡಗು ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ. ಸಿಂಗಪುರದಿಂದ ಹೊರಡುವುದು. ಹೊರಡುವ ಹಿಂದಿನ ದಿನ ಮಾವನವರ ಹತ್ತಿರ ಹೋಗಿ ಕೂತೆ.

"ಮಾವಾ, ಈ ಸಲ ಬೆಳ್ಳಿ ಕರಡಿಗೆ ಮನೇಲೇ ಇಡೋಣ. ಬಟ್ಟೇಲಿ ಕಟ್ಟಿ ಹಾಕ್ಕೊಂಡ್ರೆ ಮಷೀನು ಕೂಗಲ್ಲ. ಫಾರಿನ್ನವರ ಎದುರಿಗೆ ಯಾಕೆ ರಗಳೆ?"

ಮಾವ ಎದೆಯ ಮೇಲಿನ ಕರಡಿಗೆಯನ್ನು ಕೈಯಲ್ಲಿ ಹಿಡಿದರು. "ಆತು ಬಿಡವಾ. ನಿನಗ ತ್ರಾಸ ಆಗೂದು ಬ್ಯಾಡ" ಅಂದರು. ಕರಡಿಗೆ ದೇವರ ಗೂಡಿನಲ್ಲಿ ಉಳಿಯಿತು. ಲಿಂಗವನ್ನು ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ ಹಾಕಿಕೊಂಡರು. ತಪಾಸಣೆಯ ಯಂತ್ರ ಕೂಗಲಿಲ್ಲ. ಗೆದ್ದೆ ಅಂದುಕೊಂಡೆ.

ಆ ಹಡಗಿನ ಸೇವೆಯನ್ನು ಹೇಗೆ ಹೇಳಲಿ! ಸದ್ದೇ ಇಲ್ಲ. ತಿಂಡಿ ತಿಂದು ಬರುವುದರೊಳಗೆ ರೂಮು ಹೊಸದಾಗಿರುತ್ತಿತ್ತು. ಯಾರು ಬಂದರು, ಯಾವಾಗ ಬಂದರು, ಕಣ್ಣಿಗೇ ಬೀಳುವುದಿಲ್ಲ. ಹಾಸಿಗೆಯ ಮೇಲೆ ಒಂದು ಸುಕ್ಕಿಲ್ಲ. ಟವೆಲ್ಲನ್ನೇ ಮಡಚಿ ದಿನಕ್ಕೊಂದು ಪ್ರಾಣಿ ಮಾಡಿ ಕೂರಿಸುತ್ತಿದ್ದರು. ಎರಡನೇ ದಿನವೇ ಮನಸ್ಸಿನಲ್ಲಿ ಒಂಬತ್ತು ಕೊಟ್ಟುಬಿಟ್ಟಿದ್ದೆ. ಆ ಒಂದು ಅಂಕ ಉಳಿಸಿಕೊಂಡದ್ದು ಬರೀ ಅಭ್ಯಾಸಬಲ.

ಮೂರನೇ ದಿನ ಹಡಗು ಬಂದರಿನಲ್ಲಿತ್ತು. ಎಂಟು ಗಂಟೆಗೆ ಊರು ತೋರಿಸುವ ಬಸ್ಸು. ಮಾವ ಪಕ್ಕದ ರೂಮಿನಲ್ಲಿದ್ದರು. ಏಳಕ್ಕೆ ಸಕ್ಕರೆ ಮಾತ್ರೆ ಕೊಟ್ಟೆ. ಅರ್ಧ ಗಂಟೆಯೊಳಗೆ ಏನಾದರೂ ತಿನ್ನಲೇಬೇಕು. ಏಳು ಇಪ್ಪತ್ತಕ್ಕೆ ಹೋಗಿ ಬಾಗಿಲು ಬಡಿದೆ. ಸ್ನಾನ, ಪೂಜೆ ಮುಗಿದಿತ್ತು.

"ದಾರ ಹಸೀ ಐತಿ, ಐದ ನಿಮಿಷ ತಡೀ ಯವ್ವಾ" ಅಂದರು ಒಳಗಿನಿಂದ.

"ಬಸ್ ಹೋಗ್ಬಿಡುತ್ತೆ ಮಾವಾ, ಬನ್ನಿ ಬನ್ನಿ!" ಮತ್ತೆ ಬಡಿದೆ. ಮೂರನೇ ಸಲವೂ ಬಡಿದೆ. ಮಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಗಾಬರಿಯಲ್ಲೇ ಹೊರಗೆ ಬಂದರು.

ತಿಂಡಿಯ ಹಾಲಿನಲ್ಲಿ ಕೂತೆವು. ಮೊದಲ ತುತ್ತಿಗೆ ಮುಂಚೆ ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುವುದು ಮಾವನವರ ಪದ್ಧತಿ. ಕೈ ಇಟ್ಟರು. ಇಟ್ಟ ಕೈ ಅಲ್ಲೇ ತಡಕಾಡಿತು. ಅಂಗಿಯ ಒಳಗೆ ಹೋಯಿತು. ತಟ್ಟೆ ಪಕ್ಕಕ್ಕೆ ಸರಿಸಿ ಎದ್ದು ನಿಂತರು. ಬಣ್ಣ ಹೋದ ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು.

ರೂಮಿಗೆ ಓಡಿದೆವು. ಒಳಗೆ ಎಲ್ಲ ಮುಗಿದಿತ್ತು. ಹೊಸ ಹೊದಿಕೆ, ಹೊಸ ದಿಂಬುಗವಸು, ಹಾಸಿಗೆಯ ನಡುವೆ ಟವೆಲಿನ ಆನೆ. ಮಾವ ದಾರ ಒಣಗಲೆಂದು ಬಿಳಿ ಗಂಟನ್ನು ಬಿಳಿ ದಿಂಬಿನ ಮೇಲೆ ಇಟ್ಟಿದ್ದರು. ಬೆಳ್ಳಿ ಕರಡಿಗೆಯಾಗಿದ್ದರೆ ಕುರುಡರ ಕೈಗೂ ಸಿಗುತ್ತಿತ್ತು. ಮಾವ ಆ ಮಾತು ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಲಿಂಗವಿಲ್ಲದೆ ಮಾವ ನೀರೂ ಕುಡಿಯುವವರಲ್ಲ. ಹೊಟ್ಟೆಯಲ್ಲಿ ಮಾತ್ರೆ ಬೇರೆ ಕೆಲಸ ಮಾಡುತ್ತಿದೆ. ಎಂಟೂವರೆಗೆ ಬೆರಳು ಚುಚ್ಚಿ ಸಕ್ಕರೆ ನೋಡಿದೆ: ತೊಂಬತ್ತಾರು. ಗಂಡನನ್ನು ಅವರ ಬಳಿ ಕೂರಿಸಿ ಕೆಳಗಿನ ಕೌಂಟರಿಗೆ ಓಡಿದೆ.

ಅಲ್ಲಿದ್ದವರು ನಗುನಗುತ್ತಲೇ ಫಾರಂ ತೆಗೆದರು. ವಸ್ತು ಏನು, ಯಾವ ಬಣ್ಣ, ಬೆಲೆ ಎಷ್ಟು? ಬೆಟ್ಟದ ನೆಲ್ಲಿಕಾಯಿ ಗಾತ್ರದ ಕಪ್ಪು ಲಿಂಗ, ಅದಕ್ಕೆ ಬೆಲೆ ಕಟ್ಟುವುದಿಲ್ಲ ಅಂದೆ. ಹಾಗಾದರೆ ಸೊನ್ನೆ ಅಂತ ಬರೆದುಕೊಳ್ಳಲೇ ಅಂತ ಕೇಳಿದರು, ಅಷ್ಟೇ ವಿನಯದಿಂದ. ಹೊದಿಕೆ, ಗವಸು ಎಲ್ಲ ಕೆಳಗೆ ಲಾಂಡ್ರಿಗೆ ಹೋಗಿವೆ, ಒಗೆದು ಮುಗಿದ ಮೇಲೆ ಹುಡುಕುತ್ತೇವೆ, ಸಂಜೆಯೊಳಗೆ ತಿಳಿಸುತ್ತೇವೆ ಅಂದರು. ಪೀಣ್ಯದಲ್ಲಿ ಒಂದು ಪೀಸಿನ ಮೇಲೆ ಅನುಮಾನ ಬಂದರೂ ನಾನು ಇಡೀ ಲೈನ್ ನಿಲ್ಲಿಸುತ್ತೇನೆ. "ಮಷೀನು ನಿಲ್ಲಿಸಿ! ಈಗಲೇ ನಿಲ್ಲಿಸಿ!" ಅಂತ ಕಿರುಚಿದೆ. ಯಾವ ಭಾಷೆಯಲ್ಲಿ ಕಿರುಚಿದೆನೋ ನನಗೇ ಗೊತ್ತಿಲ್ಲ. ಲಾಂಡ್ರಿಗೆ ನಾನೇ ಹೋಗಿ ಹುಡುಕುತ್ತೇನೆ ಅಂದರೆ ಪ್ರಯಾಣಿಕರಿಗೆ ಪ್ರವೇಶವಿಲ್ಲ ಅಂದರು. ನಗು ಮಾತ್ರ ಮಾಸಲಿಲ್ಲ.

ವಾಪಸ್ ಬಂದಾಗ ಹಡಗಿನ ಡಾಕ್ಟರು ಬಂದಿದ್ದರು. ಎಪ್ಪತ್ತೊಂದು. ಮಾವನವರ ಬೆರಳುಗಳು ನಡುಗುತ್ತಿದ್ದವು, ಹಣೆಯಲ್ಲಿ ಬೆವರು. ಡಾಕ್ಟರು ಗ್ಲೂಕೋಸ್ ನೀರಿನ ಲೋಟ ಮುಂದೆ ಹಿಡಿದರು. ಮಾವ ತುಟಿ ಬಿಗಿದು ತಲೆಯಾಡಿಸಿದರು. ಅವರು ಬೇಡ ಅನ್ನುವಷ್ಟು ಎಚ್ಚರ ಇರುವವರೆಗೆ ಬಲವಂತ ಮಾಡುವ ಹಾಗಿಲ್ಲ, ಎಚ್ಚರ ತಪ್ಪಿದರೆ ಮಾತ್ರ ಇಂಜೆಕ್ಷನ್ ಅಂದರು ಡಾಕ್ಟರು.

"ಅಪ್ಪಾ, ಒಂದ್ ಗುಟುಕು. ನಿಮ್ ಕಾಲಿಗೆ ಬೀಳ್ತೀನಿ" ಅಂತ ನನ್ನ ಗಂಡ ಅಳುತ್ತಿದ್ದರು.

"ಅರವತ್ತೆಂಟ ವರ್ಷ ಅದನ್ನ ಬಿಟ್ಟ ಒಂದ ಹನಿ ನೀರ ಕುಡಿದಿಲ್ಲ" ಅಂದರು ಮಾವ. "ಈಗ ಸುರು ಮಾಡಂಗಿಲ್ಲೋ ತಮ್ಮಾ."

ನನಗೆ ಮಾವನವರ ಮೇಲೆ ಸಿಟ್ಟು ಬಂತು, ದೇವರ ಮೇಲೆ ಬಂತು, ಕೊನೆಗೆ ಎಲ್ಲ ಸುತ್ತಿ ಬಂದು ನನ್ನ ಮೇಲೇ ನಿಂತಿತು. ಇವರು ಹೋಗಿಬಿಟ್ಟರೆ ಕೊಂದವಳು ನಾನೇ ಅಂತ ಅನ್ನಿಸಿದ್ದನ್ನು ಇವತ್ತಿಗೂ ಗಂಡನ ಹತ್ತಿರ ಹೇಳಿಲ್ಲ.

ಅಷ್ಟರಲ್ಲಿ ಆ ರೂಮು ಸರಿಮಾಡಿದವರನ್ನು ಅವರ ಮೇಲಿನವರು ಕರೆದುಕೊಂಡು ಬಂದರು. ಮೂರು ದಿನದಲ್ಲಿ ಆಗಲೇ ಅವರ ಮುಖ ನೋಡಿದ್ದು. ನಲವತ್ತರ ಆಸುಪಾಸಿನ, ಯಾವುದೋ ದ್ವೀಪದೇಶದ ಮನುಷ್ಯ. ಬೆಳಿಗ್ಗೆಯ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿ ಕೆಳಗೆ ಹಾಕಿದೆ, ಏನೂ ಕಾಣಲಿಲ್ಲ ಅಂದರು. ದನಿ ನಡುಗುತ್ತಿತ್ತು. ಕೆಲಸ ಹೋಗುವ ಹೆದರಿಕೆ ಅದು, ಕಾರ್ಖಾನೆಯಲ್ಲಿ ಆ ದನಿ ನಾನು ಬೇಕಾದಷ್ಟು ಕೇಳಿದ್ದೇನೆ. ಮಾವ ಅವರನ್ನು ಬೈಯಲಿಲ್ಲ. ಎಡಗೈ ಚಾಚಿ, ಖಾಲಿ ಅಂಗೈಯನ್ನು ತೋರಿಸಿ, ಅದನ್ನೇ ಎದೆಗೆ ಒತ್ತಿಕೊಂಡರು. ಆ ಮನುಷ್ಯ ಮಾವನವರ ಕೈಯನ್ನೇ ನೋಡಿದರು. ಮೇಲಿನವರು ಏನೋ ಹೇಳುತ್ತಿದ್ದಂತೆಯೇ ತಿರುಗಿ, ಬಟ್ಟೆಯ ಗಾಡಿಯನ್ನು ಕಾರಿಡಾರಿನ ನಡುವೆಯೇ ಬಿಟ್ಟು ಓಡಿದರು. ಆ ಹಡಗಿನಲ್ಲಿ ಯಾರಾದರೂ ಓಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಐವತ್ತೆಂಟು. ಮಾವನವರ ಮಾತು ತೊದಲಲು ಶುರುವಾಯಿತು. ನನ್ನನ್ನು ನೋಡಿ ಅತ್ತೆಯ ಹೆಸರು ಹಿಡಿದು ಕರೆದರು. ಡಾಕ್ಟರು ಇಂಜೆಕ್ಷನ್ ಸಿದ್ಧ ಮಾಡಿ ಕೈಯಲ್ಲಿ ಹಿಡಿದುಕೊಂಡರು. ಗಡಿಯಾರ ನೋಡುವ ಧೈರ್ಯವೂ ನನಗಿರಲಿಲ್ಲ.

ಬಾಗಿಲು ತಳ್ಳಿಕೊಂಡು ಆ ಮನುಷ್ಯ ಬಂದರು. ಮೈಯೆಲ್ಲ ಬೆವರು. ಒಂದು ದಿಂಬುಗವಸಿನ ಬಾಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಯಂತ್ರಕ್ಕೆ ಇನ್ನೂ ತುಂಬಿರದ ಚೀಲಗಳನ್ನು ಒಂದೊಂದಾಗಿ ಹಿಸುಕಿ ನೋಡಿ, ಗಟ್ಟಿಯಾಗಿ ಸಿಕ್ಕಿದ್ದನ್ನು ಬಿಚ್ಚದೆ ಹಾಗೇ ತಂದಿದ್ದರು. ಯಾಕೆ ಬಿಚ್ಚಲಿಲ್ಲವೋ, ಅವರಿಗೆ ಯಾರು ಹೇಳಿಕೊಟ್ಟರೋ. ಮಾವ ಗವಸಿನೊಳಗೆ ಕೈ ಹಾಕಿದರು. ಬಿಳಿ ಗಂಟು ಬಂತು. ಎಡ ಅಂಗೈಯಲ್ಲಿ ಇಟ್ಟುಕೊಂಡು ತುಟಿ ಅಲ್ಲಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ ಬಾಯಿ ತೆರೆದರು. ಗ್ಲೂಕೋಸ್ ನೀರನ್ನು ಚಮಚದಲ್ಲಿ ನಾನೇ ಕುಡಿಸಿದೆ, ಅರ್ಧ ಅವರ ಅಂಗಿಯ ಮೇಲೇ ಚೆಲ್ಲಿತು.

ಮರುದಿನ ರೂಮಿಗೆ ಬೇರೆ ಮುಖ ಬಂತು. ವಿಚಾರಿಸಿದರೆ, ಅಪ್ಪಣೆಯಿಲ್ಲದೆ ಕೆಲಸದ ಜಾಗ ಬಿಟ್ಟಿದ್ದಕ್ಕೆ ಅವರನ್ನು ಬೇರೆ ಮಹಡಿಗೆ ಹಾಕಿದ್ದಾರೆ ಅಂದರು. ಫಾರಂ ತೆಗೆದುಕೊಂಡು ಅವರಿಗೆ ಹತ್ತಕ್ಕೆ ಹತ್ತು ಹಾಕಿದೆ, ಹಿಂದಿನ ಪುಟದವರೆಗೂ ಬರೆದೆ. ಅದನ್ನು ನೋಡುತ್ತ ಕೂತಿದ್ದ ಮಾವ ಕೇಳಿದರು:

"ಆ ಮುಂಬೈ ಹಡಗಿನ್ಯಾಗಿನ ಸೋಲಾಪುರದವಂಗ ಎಷ್ಟ ಹಾಕಿದ್ದಿ?"

"ಮೂರು" ಅಂದೆ. "ಹಾಸಿಗೆ ಮುಟ್ತಾನೇ ಇರ್ಲಿಲ್ವಲ್ಲ ಮಾವಾ."

"ಹೆಂಗ ಮುಟ್ಟತಾನ? ನೀವಿಬ್ರೂ ಮುಂಜಾನೆ ತಿರಗಾಡಾಕ ಹೋದಾಗ ನಾ ಹಾಸಗಿ ಮ್ಯಾಲೆ ಕುಂತ ಪೂಜಿ ಮಾಡತಿದ್ದೆ. ಅವ ಏಳಕ್ಕ ಬಂದು ಬಾಗಲದಾಗ ಕೈಕಟ್ಟಿ ನಿಂದರತಿದ್ದ. ಆಮ್ಯಾಲೆ ಪೂಜಿ ವಸ್ತ್ರ ಹಾಸಗಿ ಅಂಚಿಗೆ ಒಣಗಾಕ ಹಾಕಿದ್ರ, 'ನೀವ ತಗದ ಮ್ಯಾಲೆ ಬರತೀನ್ರೀ ಅಜ್ಜಾರ' ಅಂತ ಹೋಗತಿದ್ದ. ನೀ ಕೇಳಿದ್ರ ಹೇಳತಿದ್ದೆ."

ನಾನು ಕೇಳಿರಲಿಲ್ಲ. ಹಾಸಿಗೆ ನೋಡಿದೆ, ಅಂಕ ಹಾಕಿದೆ.

ಮನೆಗೆ ಬಂದ ದಿನ ಚಪ್ಪಲಿ ಬಿಟ್ಟವಳೇ ಕೈಕಾಲು ತೊಳೆದು, ಗೂಡಿನಿಂದ ಬೆಳ್ಳಿ ಕರಡಿಗೆ ತೆಗೆದು, ಹೊಸ ದಾರ ಪೋಣಿಸಿ ತಂದೆ. ಮಾವ ಲಿಂಗವನ್ನು ಅದರಲ್ಲಿಟ್ಟು ಮುಚ್ಚಿ, ನನ್ನ ಮುಂದೆ ಕತ್ತು ಬಾಗಿಸಿ ಕೂತರು.

"ನೀನ ಕಟ್ಟವಾ. ಇನ್ನ ಮ್ಯಾಲೆ ಮಷೀನ ಒದರಿದ್ರ ಒದರ್ಲಿ."

ಮೂರು ಗಂಟು ಹಾಕಿದೆ. ಮೂರನೆಯದನ್ನು ಎರಡು ಸಲ ಹಾಕಬೇಕಾಯಿತು.

ಮೊದಲ ಹಡಗಿನವರಿಗೂ ಪತ್ರ ಬರೆದೆ: ನಾನು ಕೊಟ್ಟ ಮೂರು ತಪ್ಪು, ಅದನ್ನು ಹತ್ತು ಮಾಡಿ, ಅವರಿಗೆ ನನ್ನ ಕ್ಷಮೆ ತಿಳಿಸಿ. ಎರಡು ಸಾಲಿನ ಉತ್ತರ ಬಂತು. ನಿಮ್ಮ ಕಾಳಜಿಗೆ ಧನ್ಯವಾದ. ಆ ಸಿಬ್ಬಂದಿ ಈಗ ನಮ್ಮಲ್ಲಿ ಇಲ್ಲ.

ಇವತ್ತು ಬೆಳಿಗ್ಗೆ ಗುಂಪಿನಲ್ಲಿ ಬರೆದೆ: "ಮೊದಲನೇ ಹಡಗಿಗೇ ಹೋಗಿ. ಜನ ಒಳ್ಳೆಯವರು." ತಕ್ಷಣ ಮೊನ್ನೆ ಕೇಳಿದವರ ಪ್ರಶ್ನೆ ಬಂತು: "ಹೌದಾ ಅಕ್ಕಾ? ರೂಮ್ ನೋಡ್ಕೊಳ್ಳೋರು ಸರಿಯಿಲ್ಲ, ಕಂಪ್ಲೇಂಟ್ ಮಾಡಿದ್ಕೆ ಆಕ್ಷನ್ ತಗೊಂಡ್ರು ಅಂತ ನೀವೇ ಬರ್ದಿದ್ರಲ್ಲ?"

ಪೂಜೆ ಮುಗಿಸಿದ ಮಾವ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದಾರೆ. ನಾನು ಮೊಬೈಲ್ ಹಿಡಿದು ಬರೆಯತೊಡಗಿದ್ದೇನೆ: "ತಪ್ಪು ಅವರದ್ದಲ್ಲ, ನನ್ನದು."