ಉಳಿದಿದ್ದ ಒಂದು ಭಾಗಾಕಾರ

ನೇಸರಗಿಯಲ್ಲಿ ಅಕ್ಕನದು ಹೊಲಿಗೆ ಅಂಗಡಿ. ಓದು ಹತ್ತನೆಯ ತರಗತಿಗೆ ನಿಂತಿತ್ತು, ಗಣಿತದ ಹುಚ್ಚು ನಿಂತಿರಲಿಲ್ಲ. ದಾರ, ಅಸ್ತರ್ ತರಲು ಇಬ್ಬರೂ ಬೈಲಹೊಂಗಲಕ್ಕೆ ಹೊರಟರೆ ಬಸ್ಸಿನಲ್ಲಿ ಟಿಕೆಟ್ಟಿನ ಕೊನೆಯ ಮೂರಂಕಿಗಳನ್ನು ಒಡೆಯುವುದೇ ನಮ್ಮ ಆಟ. ಆ ಸಂಖ್ಯೆ ಯಾವುದರಿಂದ ಶೇಷವಿಲ್ಲದೆ ಭಾಗವಾಗುತ್ತದೆ ಎಂದು ಹುಡುಕಬೇಕು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೂ ಕಂಡಕ್ಟರರು ಚೀಟಿ ಕೊಡುತ್ತಾರಲ್ಲ, ಅಕ್ಕನಿಗೆ ಬೇಕಾದದ್ದು ಅದೊಂದೇ.

ಒಂದು ಸಲ 899 ಬಂತು. ನಾನು ಮೂರು, ಏಳು ಎಂದು ಬೆರಳು ಮಡಚುತ್ತಿದ್ದರೆ ಅಕ್ಕ ನಕ್ಕುಬಿಟ್ಟಳು.

“ಮೂವತ್ತ ಮೂವತ್ಲೆ ಒಂಬೈನೂರ. ಅದಕ್ಕ ಒಂದ ಕಮ್ಮಿ ಐತಿ. ಅಂದ್ರ ಇಪ್ಪತ್ತೊಂಬತ್ತ, ಮೂವತ್ತೊಂದು. ಎರಡೂ ಅವಿಭಾಜ್ಯ, ಮಗ್ಗಲ ಮಗ್ಗಲ ಕುಂತಾವ ನೋಡ!”

ಮತ್ತೆ ಒಡೆಯಲಾರದ, ನಡುವೆ ಒಂದೇ ಸಂಖ್ಯೆ ಬಿಟ್ಟು ಪಕ್ಕಪಕ್ಕದಲ್ಲಿರುವ ಎರಡು ಸಂಖ್ಯೆಗಳಾಗಿ ಒಡೆದರೆ ಅವಳಿಗೆ ಅಂದು ಹಬ್ಬ. ನನಗೆ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ.

ಹೋದ ವರ್ಷ ಅಕ್ಕ ಆಸ್ಪತ್ರೆ ಸೇರಿದಾಗ ಅವಳ ಫೈಲಿನ ಮೇಲೆ 176399 ಎಂದು ಬರೆದಿತ್ತು. “ದೊಡ್ಡದ ಸಿಕ್ತಲ್ಲ!” ಎಂದಳು, ಸೂಜಿ ಚುಚ್ಚಿಸಿಕೊಳ್ಳುತ್ತಲೇ. ಅಂಕಿಗಳ ಮೊತ್ತ ಮೂವತ್ತೈದು, ಆದ್ದರಿಂದ ಮೂರರಿಂದ ಹೋಗದು. ಏಳು, ಹನ್ನೊಂದು, ಹದಿಮೂರಕ್ಕೂ ಅದು ಬಗ್ಗಲಿಲ್ಲ. ಔಷಧಿಯ ರಟ್ಟಿನ ಡಬ್ಬಿ ಬಿಚ್ಚಿ ಅದರ ಒಳಮೈಮೇಲೆ, ಅವಿಭಾಜ್ಯ ಸಂಖ್ಯೆಗಳನ್ನಷ್ಟೇ ಆರಿಸಿಕೊಂಡು, ದಿನಕ್ಕೆ ಐದಾರು ಭಾಗಾಕಾರ ಮಾಡುತ್ತಾ ಹೋದಳು. ಹದಿನೈದು ದಿನಕ್ಕೆ ನಾನೂರು ದಾಟಿದಳು. ಅಷ್ಟರಲ್ಲಿ ಅವಳ ಅಂಕಿಗಳು ನನಗೂ ಓದಲು ಬಾರದಷ್ಟು ಸೊಟ್ಟಗಾಗಿದ್ದವು.

“ನಾನೂರಾ ಹತ್ತೊಂಬತ್ತ ಒಂದ ಉಳದೈತಿ ತಂಗಿ. ಅದರಿಂದನೂ ಹೋಗಲಿಲ್ಲಂದ್ರ ಇದು ಒಡ್ಯೂದಿಲ್ಲ. ನನ್ನ ಕೈಲೆ ಆಗವಲ್ದು, ನೀ ಮಾಡಿ ಹೇಳ.”

ನರ್ಸ್ ಕೊಟ್ಟ ಔಷಧಿ ಚೀಟಿ ನನ್ನ ಕೈಯಲ್ಲಿತ್ತು. ಔಷಧಿ ಅಂಗಡಿಯ ಮುಂದೆ ಉದ್ದನೆಯ ಸಾಲು. ಇಂಥ ಹೊತ್ತಿನಲ್ಲೂ ಇದೇನು ಹುಚ್ಚು ಎಂದು ನನಗೆ ಸಿಟ್ಟೇ ಬಂದಿತ್ತು. ಔಷಧಿ ತಂದೆ, ಲೆಕ್ಕ ಮಾಡಲಿಲ್ಲ.

“ಒಡೀಲಿಲ್ಲ ಅಕ್ಕಾ. ಅವಿಭಾಜ್ಯ ಐತಿ.”

“ಹೌದ? ನನಗ ಯಾಕೋ ಒಡೀತೇತಿ ಅನಸಿತ್ತು. ಇರಲಿ ಬಿಡು.”

ರಟ್ಟನ್ನು ದಿಂಬಿನ ಕೆಳಗೆ ಸರಿಸಿ ಗೋಡೆ ಕಡೆ ಹೊರಳಿ ಮಲಗಿದಳು. ಮೂರನೆಯ ದಿನ ಹೋಗಿಬಿಟ್ಟಳು.

ತಿಂಗಳಾದ ಮೇಲೆ ಅಂಗಡಿ ತೆರೆದೆ. ಆ ರಟ್ಟನ್ನು ಮುಂದಿಟ್ಟುಕೊಂಡು, ಅವಳು ಬಟ್ಟೆಗೆ ಗುರುತು ಹಾಕುತ್ತಿದ್ದ ಸೀಮೆಸುಣ್ಣದ ಚೂರಿನಲ್ಲೇ ಕತ್ತರಿಸುವ ಮೇಜಿನ ಮೇಲೆ 419ರಿಂದ ಭಾಗಿಸಿದೆ. ಶೇಷ ಸೊನ್ನೆ. ಬಂದದ್ದು 421.

419 ಮತ್ತು 421. ಎರಡೂ ಅವಿಭಾಜ್ಯ, ಪಕ್ಕಪಕ್ಕದವು. 176399 ಎಂದರೆ 420ರ ವರ್ಗಕ್ಕೆ ಒಂದೇ ಒಂದು ಕಡಿಮೆ. ಮೈಯಲ್ಲಿ ಹುಷಾರಿದ್ದ ಅಕ್ಕ ಇದನ್ನು ನೋಡಿದ ಕೂಡಲೇ ಹಿಡಿಯುತ್ತಿದ್ದಳು. ಅವಳು ಎಷ್ಟು ದಣಿದಿದ್ದಳೆಂದು ನನಗೆ ಆಗ ತಿಳಿಯಲೇ ಇಲ್ಲ.

ಎರಡು ನಿಮಿಷದ ಲೆಕ್ಕ ಅದು. ಮಾಡಿ ಹೇಳಿದ್ದರೆ, “ಮಗ್ಗಲ ಮಗ್ಗಲ ಕುಂತಾವ ನೋಡ” ಎಂದು ಅಕ್ಕ ಇನ್ನೊಂದು ಸಲ ನಗುತ್ತಿದ್ದಳು.